ಊಟವಾದ ಮೇಲೆ ಕೊಡುವ ಆರ್ಡರು

ಕೊಲ್ಹಾಪುರಿ ಚಪ್ಪಲಿಯ ಕಿರುಗುಟ್ಟುವ ಸದ್ದು. ಹುಬ್ಬಳ್ಳಿಯ ದಿನಗಳು ನೆನಪಾದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಅದೇ. ಮರದ ಹದಿನೆಂಟು ಮೆಟ್ಟಿಲು. ಕಿರ್ರ್, ಕಿರ್ರ್ ಎಂದು ಏರುತ್ತ ಬಂದ ಸದ್ದು ಹನ್ನೊಂದನೆಯ ಮೆಟ್ಟಿಲಿಗೆ ನಿಂತುಬಿಡುತ್ತಿತ್ತು. ಮೇಲೆ ಆಫೀಸಿನಲ್ಲಿ ನಾವೆಲ್ಲ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದೆವು. ಆ ಮೆಟ್ಟಿಲ ಮೇಲೆ ನಿಂತರೆ ಕೆಳಗಿನ ಅಡುಗೆಮನೆಯ ವಾಸನೆ ನೆಟ್ಟಗೆ ಮೂಗಿಗೆ ಬರುತ್ತದೆ ಎಂಬುದು ನಮ್ಮ ಸಾಹೇಬರ ಸ್ವಂತ ಡಿಸ್ಕವರಿ. ಅರ್ಧ ನಿಮಿಷ ಸೈಲೆನ್ಸ್. ಆಮೇಲೆ ಮೆಟ್ಟಿಲ ಕಟಕಟೆಯಿಂದ ಕೆಳಗೆ ಬಗ್ಗಿ ಅಡುಗೆಯವರಿಗೆ ಒಂದೇ ಮಾತು: "ಭಟ್ಟರ, ಇವತ್ತ ಸಾರಿಗೆ ಇಂಗು ಒಂದ ಚಿಟಿಕಿ ಹೆಚ್ಚಾತು." ಮತ್ತೆ ಕಿರ್ರ್, ಕಿರ್ರ್. ಆಗ ಇಡೀ ಹೆಡ್ ಆಫೀಸು ಉಸಿರು ಬಿಡುತ್ತಿತ್ತು.

ಹೋದ ವಾರ ಪೇಪರಿನಲ್ಲಿ ಯಾವುದೋ ದೊಡ್ಡ ಹೋಟೆಲ್ ಕಂಪನಿಯ ಪ್ರಕಟಣೆ ಬಂದಿತ್ತು. ಇಂಥವರು ಇಂಥ ಊರಿಗೆ ಜನರಲ್ ಮ್ಯಾನೇಜರ್, ಇಂಥವರು ಅಲ್ಲಿಂದ ಇಲ್ಲಿಗೆ. ಸಾಲಾಗಿ ಫೋಟೋಗಳು, ಎಲ್ಲರ ಕೊರಳಲ್ಲೂ ಟೈ, ಎಲ್ಲರದೂ ಒಂದೇ ಅಳತೆಯ ನಗು. ಕನ್ನಡಕ ಹಾಕಿಕೊಂಡು, ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಆ ಮುಖಗಳನ್ನು ನೋಡಿದೆ. ವರ್ಗಾವಣೆಯ ಕಾಗದ ಕೈಗೆ ಬಂದಾಗ ಇವರೆಲ್ಲ ಉಂಡಿದ್ದರೋ ಇಲ್ಲವೋ ಅನ್ನಿಸಿತು. ಎಂಬತ್ತೈದು ದಾಟಿದವಳ ಸಿಲ್ಲಿ ಪ್ರಶ್ನೆ ಅಂತ ನೀವು ನಗಬಹುದು. ಏನು ಮಾಡಲಿ, ನಾನು ಕೆಲಸ ಕಲಿತದ್ದೇ ಇಂಥ ಪ್ರಶ್ನೆ ಕೇಳುವ ಮನುಷ್ಯನ ಕೈಕೆಳಗೆ.

ಅದು ರಾಜ್ಯ ಒಂದಾಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಇಂಗ್ಲಿಷು ಕಲಿತು, ಆಮೇಲೆ ಟೈಪಿಂಗು, ಶಾರ್ಟ್‌ಹ್ಯಾಂಡು ಮುಗಿಸಿ, ಹುಬ್ಬಳ್ಳಿಯ ಹೋಟೆಲ್ ಕಂಪನಿಯೊಂದರ ಹೆಡ್ ಆಫೀಸಿಗೆ ಸ್ಟೆನೋ ಎಂದು ಸೇರಿದೆ. ಸ್ಟೇಶನ್ ಹತ್ತಿರದ ಕಟ್ಟಡ. ಕೆಳಗೆ ಊಟದ ಹಾಲ್, ಹಿಂದೆ ಲಾಡ್ಜಿಂಗು, ಮೇಲೆ ಆಫೀಸು. ಧಾರವಾಡ, ಗದಗ, ಬೆಳಗಾವಿ, ವಿಜಾಪುರ, ಸೊಲ್ಲಾಪುರ ಎಂದು ಊರೂರಿಗೆ ಕಂಪನಿಯ ಬ್ರಾಂಚು. ಎಲ್ಲ ಬ್ರಾಂಚಿನ ಮ್ಯಾನೇಜರುಗಳ ನೇಮಕ, ವರ್ಗಾವಣೆ ನಡೆಯುತ್ತಿದ್ದುದು ನನ್ನ ಟೇಬಲ್ಲಿನ ಎದುರು ಕೂತಿದ್ದ ಜನರಲ್ ಮ್ಯಾನೇಜರರ ತಲೆಯೊಳಗೆ. ಅವರ ಹೆಸರು ಬರೆಯುವುದಿಲ್ಲ. ನಾವು ಎದುರಿಗೆ 'ಸಾಹೇಬರು' ಅನ್ನುತ್ತಿದ್ದೆವು, ಹಿಂದೆಯೂ ಹಾಗೇ ಅನ್ನುತ್ತಿದ್ದೆವು.

ಸಾಹೇಬರೆಂದರೆ ಸೂಟುಬೂಟು ಎಂದುಕೊಳ್ಳಬೇಡಿ. ಒಣಕಲು ದೇಹ, ಕಚ್ಚೆಧೋತರ, ಅದರ ಮೇಲೆ ಮೊಣಕೈ ಸವೆದ ಕರಿ ಕೋಟು, ಕನ್ನಡಕದ ಒಂದು ಕಡೆ ದಾರ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕೇಶ್ವಾಪುರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ತಾಟು ಬಡಿಸುವ ಕೆಲಸದಿಂದ ಕಂಪನಿ ಸೇರಿ, ಆ ಹದಿನೆಂಟು ಮೆಟ್ಟಿಲು ಏರಿ ಬಂದವರು. ಇಂಗ್ಲಿಷು ಅವರಿಗೆ ಅಷ್ಟಕ್ಕಷ್ಟೆ. ನಾನು ಟೈಪ್ ಮಾಡಿದ ಪತ್ರವನ್ನು ಜೋರಾಗಿ ಓದಿಸಿ, ಕಣ್ಣು ಮುಚ್ಚಿ ಕೇಳಿ, "ಎಲ್ಲಾ ಛಲೋ ಐತಿ ತಂಗಿ. ಆದ್ರ ಇದರಾಗ ಮನಷಾ ಎಲ್ಲಿ ಅದಾನ?" ಎನ್ನುತ್ತಿದ್ದರು.

ನಮ್ಮ ಅಪ್ಪನಿಗೆ ಮಗಳು ಹೋಟೆಲಿನಲ್ಲಿ ನೌಕರಿ ಮಾಡುವುದು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಅದು ಹೇಗೋ ಸಾಹೇಬರ ಕಿವಿಗೆ ಬಿದ್ದು ಒಂದು ಭಾನುವಾರ ಧಾರವಾಡದ ನಮ್ಮ ಮನೆಗೇ ಬಂದುಬಿಟ್ಟರು. ಚಾಪೆಯ ಅಂಚಿಗೆ ಕೂತು, "ರಾಯರ, ನಿಮ್ಮ ಮಗಳು ಹೋಟೆಲ್ದಾಗ ಇರೂದಿಲ್ರಿ. ಹೋಟೆಲ್ ಮ್ಯಾಲೆ ಇರ್ತಾಳ. ಆಕಿ ತನಕಾ ಬರೂದು ಒಗ್ಗರಣಿ ವಾಸನಿ ಅಷ್ಟ" ಎಂದರು. ಒಳಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ; ಆದರೆ ಸೋಮವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಲೇಟಾಯಿತು ಎಂದು ಅವನೇ ನನ್ನನ್ನು ಅವಸರಪಡಿಸಿದ.

ಆ ಗಾಡಿಯಲ್ಲಿ ಕೂತು ನವಲೂರಿನ ಪೇರಲ ತೋಟಗಳ ಮೇಲೆ ಮಂಜು ಹರಡಿರುವುದನ್ನು ನೋಡುತ್ತ ಹೋಗುತ್ತಿದ್ದೆನಲ್ಲ, ಆ ಮಂಜು ಹೆಡ್ ಆಫೀಸಿನಲ್ಲಿ ಮಧ್ಯಾಹ್ನದವರೆಗೂ ನನ್ನ ಕಣ್ಣಿಂದ ಹೋಗುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಸಾಹೇಬರಿಗೂ ಅಂಥದೇ ಏನೋ ಆಗುತ್ತಿತ್ತು. ಫ್ಯಾನು ನಿಧಾನ ತಿರುಗುತ್ತಿರುತ್ತಿತ್ತು. ಅವರು ಟೇಬಲ್ಲಿನ ಮೇಲೆ ಅಡಿಕೆ ಹೋಳುಗಳನ್ನು ಹರಡಿಕೊಂಡು, ಅರೆಗಣ್ಣು ಮುಚ್ಚಿ, ಒಂದೊಂದೇ ಹೋಳನ್ನು ಬೆರಳಿನಿಂದ ಸರಿಸುತ್ತಿದ್ದರು. ಒಂದೊಂದು ಹೋಳು ಒಂದೊಂದು ಬ್ರಾಂಚಿನ ಮ್ಯಾನೇಜರು; ಮಸಿ ಕುಡಿಕೆ ಬೆಳಗಾವಿ, ಪೇಪರ್‌ವೇಟು ಧಾರವಾಡ. "ಗದಗದಾವ ವಿಜಾಪುರಕ್ಕ... ಛೆ, ವಿಜಾಪುರದ ನೀರು ಉಪ್ಪು. ಅವನ ಹೆಂಡತಿ ಕೂದಲಾ ಉದರತಾವು. ಬೆಳಗಾವಿಗೆ ಕಳಸಿದ್ರ? ಬೆಳಗಾವ್ಯಾಗ ಥಂಡಿ, ಅವನ ಕೂಸಿಗೆ ಉಬ್ಬಸ..." ಎಂದು ಗುನುಗು. ಅರ್ಧ ಗಂಟೆ ಕಳೆದು ಎಲ್ಲ ಹೋಳುಗಳೂ ಮೊದಲಿನ ಜಾಗಕ್ಕೇ ಬಂದಿರುತ್ತಿದ್ದವು. ಆಗ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಹೆಡ್ ಕ್ಲರ್ಕ್ ದೇಸಾಯರು ನನ್ನತ್ತ ಬಾಗಿ ಪಿಸುಗುಡುತ್ತಿದ್ದರು: "ಮುಗೀತು. ಗದಗ ಬ್ರಾಂಚ್ ನುಂಗಿದ್ರು ನೋಡ್ರಿ."

ಟೈಪಿಂಗ್ ಕ್ಲಾಸಿನಲ್ಲಿ ಕಲಿತಂತೆ ನಾನು ಮೊದಲ ವರ್ಗಾವಣೆ ಆರ್ಡರಿನಲ್ಲಿ 'ವಿತ್ ಇಮ್ಮೀಡಿಯೇಟ್ ಎಫೆಕ್ಟ್' ಎಂದು ಹೊಡೆದಿದ್ದೆ. ಓದಿಸಿ ಕೇಳಿದರು.

"ಹಂಗಂದ್ರ?"

"ತಕ್ಷಣದಿಂದ ಅಂತ್ರಿ."

"ತಕ್ಷಣ ಅಂದ್ರ? ಅವನ ಹೆಂಡತಿ ಒಲಿ ಮ್ಯಾಲೆ ಹಾಲು ಇಟ್ಟಿರ್ತಾಳ. ಹಾಲು ಇಳಿಸಿ ಹೋಗಬೇಕೋ, ಬಿಟ್ಟು ಹೋಗಬೇಕೋ?"

ನನಗೆ ನಗು, ಅವರಿಗಿಲ್ಲ. ಕೊನೆಗೆ 'ನಿಮಗೆ ಅನುಕೂಲವಾದಾಗ, ಹದಿನೈದು ದಿನದೊಳಗೆ' ಎಂದು ತಿದ್ದಿದೆ. ದೇಸಾಯರು ಅದನ್ನು ಮೇಲೆತ್ತಿ ಹಿಡಿದು ನೋಡಿ, "ಇದೇನು ಆರ್ಡರೋ ಲಗ್ನಪತ್ರಿಕೆಯೋ? ಕುಂಕುಮ ಹಚ್ಚಿ ಕೊಡೂಣೇನು?" ಎಂದರು.

ಕುಂಕುಮ ಹಚ್ಚುತ್ತಿರಲಿಲ್ಲ, ಸಿಹಿ ಬಡಿಸುತ್ತಿದ್ದರು. ಸಾಹೇಬರದೊಂದು ರೂಲು ಇತ್ತು: ವರ್ಗಾವಣೆಯ ಆರ್ಡರನ್ನು ಹಸಿದವನ ಕೈಗೆ ಕೊಡಬಾರದು. ಪೋಸ್ಟಿನಲ್ಲಿ ಕಳಿಸುವ ಮಾತೇ ಇಲ್ಲ. ಮ್ಯಾನೇಜರನ್ನು ಹುಬ್ಬಳ್ಳಿಗೆ ಕರೆಸಬೇಕು, ಕೆಳಗೆ ಊಟದ ಹಾಲಿನಲ್ಲಿ ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡು ಉಣ್ಣಿಸಬೇಕು, ಕೊನೆಯಲ್ಲಿ ಬಿಸಿ ಶಿರಾ ಹಾಕಿಸಬೇಕು, ಅವನು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡ ಮೇಲೆ ಮೇಲಕ್ಕೆ ಕರೆತಂದು, ನಾನು ತಾರೀಖು ಖಾಲಿ ಬಿಟ್ಟು ಟೈಪ್ ಮಾಡಿದ ಕಾಗದದಲ್ಲಿ ಅಂದಿನ ತಾರೀಖು ತುಂಬಿ ಎರಡೂ ಕೈಯಿಂದ ಕೊಡಬೇಕು.

ಯಾಕೆ ಹೀಗೆ ಎಂದು ಒಂದು ಸಲ ಕೇಳಿದ್ದೆ. ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ನನಗ ಇಪ್ಪತ್ತು ವರ್ಷ ಇದ್ದಾಗ, ಎಲ್ಲಾರಿಗೂ ಬಡಿಸಿ ನಾ ಉಣ್ಣಾಕ ಕೂತಿದ್ದೆ. ಮೊದಲನೇ ತುತ್ತು ಬಾಯಾಗ ಇತ್ತು. ಅವಾಗಿನ ಮ್ಯಾನೇಜರು ಬಂದು ಕಾಗದಾ ತಾಟಿನ ಬಾಜೂಕ ಇಟ್ಟು ಹೋದ್ರು. ಮರುದಿನಾ ಮುಂಜಾನೆ ಸೊಲ್ಲಾಪುರಕ್ಕ ಹೋಗು ಅಂತ. ತುತ್ತು ನುಂಗಾಕೂ ಬರಲಿಲ್ಲ ತಂಗಿ, ಉಗುಳಾಕೂ ಬರಲಿಲ್ಲ." ಆಮೇಲೆ ಮುಖ ಅರಳಿತು. "ನಾ ಈ ಖುರ್ಚಿಗೆ ಬಂದು ಹದಿಮೂರು ವರ್ಷ ಆತು. ಇಷ್ಟು ಮಂದೀನ ಊರಿಂದ ಊರಿಗೆ ಎತ್ತಿ ಇಟ್ಟೇನಿ. ಒಬ್ಬಾವರೆ ಒಲ್ಲೆ ಅಂದಾನೇನು? ಒಬ್ಬಾವೂ ಇಲ್ಲ."

ಅದು ಅವರ ಜೀವನದ ಒಂದೇ ಹೆಮ್ಮೆ. ಬೇರೆಯವರು ಬಂಗಾರದ ಉಂಗುರ ತಿರುಗಿಸಿದಂತೆ ಅವರು ಆ ಮಾತನ್ನು ಆಗಾಗ ತಿರುಗಿಸಿ ನೋಡುತ್ತಿದ್ದರು.

ಬ್ರಾಂಚುಗಳಲ್ಲಿ ಮಾತ್ರ ಶಿರಾ ಎಂಬ ಪದಕ್ಕೆ ಜನ ಬೆಚ್ಚುತ್ತಿದ್ದರು. 'ಅವಂಗ ಶಿರಾ ಆತಂತ' ಎಂದರೆ ವರ್ಗ ಆಯಿತು ಎಂದೇ ಅರ್ಥ. ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಬಂದ ಮ್ಯಾನೇಜರುಗಳ ಪಕ್ಕ ನಿಂತು ನಮ್ಮ ಸರ್ವರುಗಳು ಮೆಲ್ಲಗೆ, "ಸಾಹೇಬರ, ಜರಾ ಶಿರಾ ಹಾಕಲೇನ್ರಿ?" ಅನ್ನುವುದು, ಅವರು ಕೈಯನ್ನು ತಾಟಿಗೆ ಅಡ್ಡ ಹಿಡಿದು ಬೆವರುವುದು, ಆಮೇಲೆ ಅಡುಗೆಮನೆಯಲ್ಲಿ ನಗೆಯೋ ನಗೆ.

ಮ್ಯಾನೇಜರುಗಳನ್ನು ಆರಿಸುವ ರೀತಿಯೂ ಅವರದೇ. ನಾನು ಸೇರಿದ ಹೊಸತರಲ್ಲಿ ಧಾರವಾಡ ಬ್ರಾಂಚಿಗೆ ಒಬ್ಬರು ಬೇಕಾಗಿತ್ತು. ಇಬ್ಬರು ಬಂದರು. ಇಬ್ಬರನ್ನೂ ಮಧ್ಯಾಹ್ನದ ಗದ್ದಲದಲ್ಲಿ ಊಟದ ಹಾಲಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಮೇಲೆ ಕರೆದು, "ಏನ ನೋಡಿದ್ರಿ?" ಎಂದರು. ಬಿ.ಎ. ಆದವನು ಎಷ್ಟು ಟೇಬಲ್ಲು, ಎಷ್ಟು ಸರ್ವರು, ಎಲ್ಲಿ ದಾರಿ ಇಕ್ಕಟ್ಟು ಎಂದು ಪಟಪಟ ಹೇಳಿದ. ಮ್ಯಾಟ್ರಿಕ್ ಫೇಲಾದವನು ತಲೆ ಕೆರೆದುಕೊಂಡ. "ಮೂಲ್ಯಾಗ ಒಬ್ಬ ಮುದುಕಪ್ಪ ಕೂತಿದ್ದಾರ್ರಿ. ಹಲ್ಲಿಲ್ಲ. ರೊಟ್ಟಿ ಮುರದು ಮುರದು ಹಂಗ ಬಿಟ್ಟಾರ. ಬಿಸಿ ಸಾರಿನಾಗ ನೆನಸಿ ಕೊಟ್ಟಿದ್ರ ಉಣ್ತಿದ್ರು." ಅವನಿಗೇ ಧಾರವಾಡ ಸಿಕ್ಕಿತು. ಅವನೇ ವಾಸಣ್ಣ.

ವಾಸಣ್ಣನ ಹೆಂಡತಿ ಇಂದಿರಾ ಧಾರವಾಡದ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾವೆಲ್ಲ ಅಕ್ಕಾರು ಅನ್ನುತ್ತಿದ್ದೆವು. ಐದು ವರ್ಷ ಹಂಗಾಮಿಯಾಗಿ ಪಾಠ ಮಾಡಿ ಮಾಡಿ, ಕೊನೆಗೊಂದು ದಿನ ಕಾಯಂ ಆಯಿತು. ಆ ಸಂಜೆ ವಾಸಣ್ಣ ಪೇಢೆಯ ಪುಡಿಕೆ ಹಿಡಿದು ಓಣಿಯ ಮನೆಮನೆಗೂ ಹೋದ. ನಮ್ಮ ಮನೆಗೂ ಬಂದ. "ನನಗ ಮ್ಯಾನೇಜರ್ ಮಾಡಿದಾಗ ಇಷ್ಟು ಖುಷಿ ಆಗಿದ್ದಿಲ್ರಿ ಬಾಯಾರ" ಎಂದ.

ಪೇಢೆ ತಿಂದು ಹದಿನೈದು ದಿನವೂ ಆಗಿರಲಿಲ್ಲ, ಕಂಪನಿಯ ಮಾಲಕರಲ್ಲಿ ಹಿರಿಯರು ಹೆಡ್ ಆಫೀಸಿಗೆ ಬಂದರು. ಅವರ ಅಳಿಯ ಮುಂಬೈಯಿಂದ ಹೋಟೆಲ್ ವಿದ್ಯೆ ಕಲಿತು ಬಂದಿದ್ದ. ಧಾರವಾಡದ ಹವಾ ಅವನಿಗೆ ಒಗ್ಗುತ್ತದಂತೆ. ವಾಸಣ್ಣನನ್ನು ಸೊಲ್ಲಾಪುರಕ್ಕೆ ಹಾಕಿ, ದೊಡ್ಡ ಬ್ರಾಂಚು, ಅವನಿಗೂ ಪ್ರಮೋಶನ್ನೇ ಆಯಿತಲ್ಲ ಎಂದರು. ಸಾಹೇಬರು ಆ ದಿನ ಅಡಿಕೆ ಹೋಳುಗಳನ್ನು ಬಹಳ ಹೊತ್ತು ಸರಿಸಿದರು. ಸೊಲ್ಲಾಪುರ ಈಗ ಬೇರೆ ರಾಜ್ಯದ ಊರು. ಇಲ್ಲಿಯ ಸರ್ಕಾರಿ ಶಾಲೆಯ ನೌಕರಿ ಅಲ್ಲಿ ನಡೆಯುವುದಿಲ್ಲ. ಅಕ್ಕಾರ ಐದು ವರ್ಷದ ಕಾಯುವಿಕೆ ಹೊಳೆಗೆ ಹೋದಂತೆಯೇ. ಗಂಡ ಒಂದೂರು ಹೆಂಡತಿ ಒಂದೂರು ಎಂಬುದನ್ನು ಆಗ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಬರಕೋ ತಂಗಿ," ಎಂದರು ಕೊನೆಗೆ. "ವಾಸಣ್ಣ ಒಲ್ಲೆ ಅನ್ನಾಂವಲ್ಲ."

ಟೈಪ್ ಮಾಡಿದೆ. ತಾರೀಖಿನ ಜಾಗ ಖಾಲಿ ಬಿಟ್ಟು ಡ್ರಾಯರಿನಲ್ಲಿಟ್ಟೆ. ಅವತ್ತು ಸಂಜೆ ಗಾಡಿಯಲ್ಲಿ ವಾಪಸು ಹೋಗುವಾಗ ಎದುರು ಸೀಟಿನವರ ಮುಖ ನೋಡಲೂ ನನಗೆ ನಾಚಿಕೆ. ಸುದ್ದಿ ನನ್ನಿಂದ ಹೊರಬೀಳಲಿಲ್ಲ, ದೇವರಾಣೆ. ಆದರೆ ಸೋಮವಾರ ವಾಸಣ್ಣ ಕರೆಗೆ ಓಗೊಟ್ಟು ಬಂದಾಗ ಅವನಿಗೆ ಎಲ್ಲ ಗೊತ್ತಿತ್ತು. ಬಹುಶಃ ಅಡುಗೆಮನೆಯಿಂದ ಗೊತ್ತಾಗಿರಬೇಕು. ಶಿರಾಕ್ಕೆ ರವೆ ಹುರಿಯುವ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು.

"ಬರ್ರಿ ವಾಸಣ್ಣ, ಊಟಕ್ಕ ಏಳೂಣು."

"ಇವತ್ತ ಸೋಮವಾರ್ರಿ ಸಾಹೇಬರ. ಉಪವಾಸ."

"ಯಾವಾಗಿಂದ?"

"ಇವತ್ತಿಂದನ ಹಿಡದೇನ್ರಿ."

ರೂಲು ಅಂದರೆ ರೂಲು. ಹಸಿದವನ ಕೈಗೆ ಆರ್ಡರು ಕೊಡುವಂತಿಲ್ಲ. "ಹಂಗಾರ ನಾಳೆ ಬರ್ರಿ" ಎಂದರು. ಮಂಗಳವಾರ ಸಂಕಷ್ಟಿ. ಬುಧವಾರ ಹೊಟ್ಟೆ ಸರಿಯಿಲ್ಲ. ಗುರುವಾರ ರಾಯರ ವಾರ. ದಿನಾ ಧಾರವಾಡದಿಂದ ಬರುವುದು, ಸಾಹೇಬರ ಎದುರಿನ ಬೆಂಚಿನಲ್ಲಿ ಕೈಕಟ್ಟಿ ಕೂಡುವುದು, ಸಂಜೆ ವಾಪಸು. ಅತಿಥಿ ಉಣ್ಣದೆ ತಾನು ಉಣ್ಣುವುದು ಸಾಹೇಬರಿಗೆ ಗೊತ್ತಿಲ್ಲದ ವಿದ್ಯೆ. ಅವರೂ ಉಣ್ಣಲಿಲ್ಲ. ಹೋಟೆಲ್ ಕಂಪನಿಯ ಹೆಡ್ ಆಫೀಸಿನಲ್ಲಿ, ಕೆಳಗಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಮೋಡದಂತೆ ಏರಿ ಬರುತ್ತಿರುವಾಗ, ಇಬ್ಬರು ಗಂಡಸರು ಎದುರುಬದುರು ಹಸಿದು ಕೂತಿದ್ದಾರೆ! ಬರೇ ಚಹಾ. ನಾನೂ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದೆ. ದೇಸಾಯರಿಗೆ ಮಾತ್ರ ಖುಷಿ. "ಶುಕ್ರವಾರ ಲಕ್ಷ್ಮಿ, ಶನಿವಾರ ಹನಮಪ್ಪ. ನಮ್ಮ ದೇವರೊಳಗ ಏನ ಕಡಿಮಿ ಅದಾರೇನ್ರಿ? ಈ ವಾಸಣ್ಣ ರಿಟೈರ್ ಆಗೂ ತನಕ ಉಪವಾಸ ಮಾಡ್ತಾನ ನೋಡ್ರಿ."

ಶುಕ್ರವಾರ ಹನ್ನೆರಡರ ಹೊತ್ತಿಗೆ ಮೆಟ್ಟಿಲ ಮೇಲೆ ಹೊಸ ಹೆಜ್ಜೆಯ ಸದ್ದು. ಎಲ್ಲಿಯೂ ನಿಲ್ಲದೆ ಏರಿ ಬಂತು. ಬಿಳಿ ಕಾಟನ್ ಸೀರೆ, ಕೈಯಲ್ಲಿ ಕೊಡೆ, ಬೆರಳ ತುದಿಗೆ ಇನ್ನೂ ಚಾಕ್‌ಪೀಸಿನ ಪುಡಿ. ಇಂದಿರಾ ಅಕ್ಕಾರು! ವಾಸಣ್ಣ ಬೆಂಚಿನಿಂದ ಎದ್ದೇಬಿಟ್ಟ.

"ನೀ ಯಾಕ ಬಂದಿ?"

"ಕೂಡ್ರಿ ನೀವು," ಎಂದು ಗಂಡನನ್ನು ಕೂಡಿಸಿ ಸಾಹೇಬರತ್ತ ತಿರುಗಿದರು. "ನಮಸ್ಕಾರ್ರಿ. ಸೋಮವಾರದಿಂದ ಇವರು ಸಂಜಿಗೆ ಮನಿಗೆ ಬಂದ ಕೂಡ್ಲೆ ಎಂಟೆಂಟು ಭಕ್ಕರಿ ತಿನ್ಲಿಕ್ಕತ್ತಾರ. ಏನಾಗೇದ ಅಂದ್ರ ಹೇಳವಲ್ರು. ಹೊಟ್ಟ್ಯಾಗ ಹುಳಾ ಆಗ್ಯಾವೇನಂತ ಡಾಕ್ಟರ್ ಕಡೆ ಹೋಗೋಣ ನಡೀರಿ ಅಂದೆ. ಇವತ್ತ ಮುಂಜಾನೆ ಅತ್ತುಬಿಟ್ರು. ಅವಾಗ ಬಾಯಿಬಿಟ್ರು."

ವಾಸಣ್ಣ ನೆಲ ನೋಡುತ್ತಿದ್ದ. ದೇಸಾಯರು ಲೆಡ್ಜರಿನೊಳಗೆ ಮುಖ ಹುದುಗಿಸಿ ಹೆಗಲು ಕುಣಿಸುತ್ತಿದ್ದರು. ಸಾಹೇಬರು ಎದ್ದು ನಿಂತರು.

"ಅಕ್ಕಾರ, ಬಿಸಲಾಗ ಬಂದೀರಿ. ಮೊದಲ ಊಟಾ ಮಾಡ್ರಿ. ಆಮ್ಯಾಲೆ ಮಾತಾಡೂಣು."

"ಒಲ್ಲೇರಿ."

"ಅದ್ಯಾಕ?"

"ಉಂಡ್ರ ನನಗ ಮಾತಾಡ್ಲಿಕ್ಕೆ ಬರೂದಿಲ್ಲ." ಅಕ್ಕಾರ ದನಿ ಏರಲಿಲ್ಲ, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಂತೆಯೇ ಇತ್ತು. "ನೀವು ಭಾಳ ಛಲೋ ಮಂದಿ ಸಾಹೇಬರ. ಊರೆಲ್ಲಾ ಅಂತದ, ನಾನೂ ಅಂತೇನಿ. ಪಕ್ಕಕ್ಕ ಕೂಡಿಸಿಕೊಂಡು, ಉಣ್ಣಿಸಿ, ಸಿಹಿ ಹಾಕಿ, ಕೈಯಾಗ ಕಾಗದಾ ಕೊಡತೀರಿ. ನಿಮ್ಮ ಅನ್ನ ಇನ್ನೂ ಗಂಟಲದಾಗ ಇರ್ತದ. ಅವಾಗ ಒಲ್ಲೆ ಅನ್ಲಿಕ್ಕೆ ಯಾರಿಗೆ ಬಾಯಿ ಬರ್ತದ ಹೇಳ್ರಿ? ಇವರಿಗೆ ಬರೂದಿಲ್ಲ. ಅದಕ್ಕ ಪಾಪ ಉಪವಾಸ ಹಿಡದಾರ."

ಕೆಳಗೆ ಯಾರೋ ತಾಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಸಾಹೇಬರು ಕನ್ನಡಕ ತೆಗೆದರು. ದಾರ ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲಿಲ್ಲ. ನನಗೆ ಈಗಲೂ ಆ ಗಳಿಗೆ ಗಡಿಯಾರದ ಹೊರಗೆ ಎಲ್ಲೋ ನಿಂತಂತೆ ಕಾಣುತ್ತದೆ.

"ತಂಗಿ, ಆ ಕಾಗದಾ ಕೊಡು."

ತಾರೀಖು ತುಂಬಿದರು. ಹಸಿದು ಕೂತಿದ್ದ ವಾಸಣ್ಣನ ಮುಂದೆ ಎರಡೂ ಕೈಯಿಂದ ಹಿಡಿದರು. "ಓದ್ರಿ. ಉಣ್ಣೂಕಿಂತ ಮೊದಲ ಓದ್ರಿ. ಬ್ಯಾಡ ಅನ್ನೂದಿದ್ರ ಈಗ ಅನ್ರಿ."

ವಾಸಣ್ಣ ಓದಿದ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಕಿಟಕಿಯನ್ನು ನೋಡಿದ. "ಬ್ಯಾಡ್ರಿ ಸಾಹೇಬರ" ಎಂದ. ಅಷ್ಟು ಸಣ್ಣ ದನಿ ನಾನು ಅಲ್ಲಿಯವರೆಗೆ ಗಂಡಸಿನ ಬಾಯಿಂದ ಕೇಳಿರಲಿಲ್ಲ.

"ಇನ್ನೊಮ್ಮೆ ಅನ್ರಿ. ದೇಸಾಯರಿಗೆ ಕೇಳಿಸಲಿ."

"ನಾ ಒಲ್ಲೇರಿ!"

ಸಾಹೇಬರು ಆ ಕಾಗದವನ್ನು ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡರು. "ನಡೀರಿ. ಇನ್ನ ಉಣ್ಣಾಕ ಯಾರ ಅಂಜಿಕಿ?" ಎಂದರು. ಎಲ್ಲರೂ ಕೆಳಗಿಳಿದೆವು. ಅಕ್ಕಾರು ಶಿರಾ ಎರಡು ಸಲ ಹಾಕಿಸಿಕೊಂಡರು. ವಾಸಣ್ಣ ಎಷ್ಟು ಉಂಡ ಎಂದು ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತೀರಿ. ಸಾಹೇಬರು ಮಾತ್ರ ಸಾರನ್ನ ಕಲಸುತ್ತಲೇ ಇದ್ದರು, ಬಾಯಿಗೆ ಒಯ್ಯಲಿಲ್ಲ. ನಡುವೆ ಒಮ್ಮೆ ನನ್ನತ್ತ ಬಾಗಿ ಕೇಳಿದರು: "ಆ ಗದಗಕ್ಕ ಹಾಕಿದಾಂವ ಖರೇನ ಒಪ್ಪಿ ಹೋಗಿದ್ದನೇನು?"

ಮಾಲಕರಿಗೆ ಪತ್ರ ಹೋಯಿತು: ಮ್ಯಾನೇಜರರು ಒಪ್ಪಲಿಲ್ಲ, ಅವರನ್ನು ಕಳಿಸುವುದು ನನ್ನಿಂದ ಆಗದು. ಎರಡೇ ಸಾಲು. ಅದರಲ್ಲಿ ಮನುಷ್ಯ ಎಲ್ಲಿದ್ದಾನೆ ಎಂದು ಅವರು ಈ ಸಲ ಕೇಳಲಿಲ್ಲ.

ಆಮೇಲೆ ಅವರು ಟೂರಿಗೆ ಹೊರಟರು. ಗದಗ, ವಿಜಾಪುರ, ಬೆಳಗಾವಿ. ಯಾತಕ್ಕೆಂದು ಆಫೀಸಿಗೆ ಗೊತ್ತಿಲ್ಲ. ನನಗೆ ಮಾತ್ರ ಹೇಳಿದ್ದರು. ಪ್ರತಿಯೊಬ್ಬ ಮ್ಯಾನೇಜರನ್ನೂ ಊಟಕ್ಕೆ ಮೊದಲು ಭೇಟಿಯಾಗಿ, ಅವತ್ತು ನಿನಗೆ ಮನಸ್ಸಿತ್ತೇ ಎಂದು ಕೇಳುವುದು. ಎರಡು ವಾರ ಕಳೆದು ತಿರುಗಿ ಬಂದಾಗ ಕೋಟು ಇನ್ನಷ್ಟು ದೊಡ್ಡದಾದಂತೆ ಕಂಡಿತು. ಮಧ್ಯಾಹ್ನ ಅಡಿಕೆ ಹರಡಲಿಲ್ಲ. "ಗದಗದಾಂವ ಏನಂದ ಗೊತ್ತೇನ ತಂಗಿ?" ಎಂದರು. "ಅವ್ವನ ಬಿಟ್ಟು ಹೋಗಾಕ ಮನಸಿದ್ದಿಲ್ರಿ, ಆಕಿ ತೀರಿಕೊಂಡಾಗ ಮಣ್ಣಿಗೂ ಬಂದು ಮುಟ್ಟಲಿಲ್ಲ, ಆದ್ರ ನೀವು ಅವತ್ತು ನಿಮ್ಮ ತಾಟಿನಾಗಿನ ಹಪ್ಪಳಾ ತಗದು ನನಗ ಹಾಕಿದ್ರಲ್ರಿ ಅಂದ." ಕಾನ್ವೆಂಟಿನಲ್ಲಿ ನಮಗೆ ಎಲ್ಲದಕ್ಕೂ ಒಂದು ಇಂಗ್ಲಿಷ್ ಸೆಂಟೆನ್ಸ್ ಕಲಿಸಿದ್ದರು, ಇದಕ್ಕೆ ಕಲಿಸಿರಲಿಲ್ಲ.

ಉತ್ತರ ಪೋಸ್ಟಿನಲ್ಲಿ ಬಂತು. ಬೆಳಗಿನ ಟಪಾಲು ಒಡೆಯುವುದು ನನ್ನ ಕೆಲಸ. ಬೇರೆ ಯಾರದೋ ಟೈಪ್‌ರೈಟರು, ಚೊಕ್ಕ ಇಂಗ್ಲಿಷು. ಅಳಿಯನನ್ನೇ ಜನರಲ್ ಮ್ಯಾನೇಜರ್ ಎಂದು ನೇಮಿಸಿದ್ದರು. ಈಗಿನ ಜನರಲ್ ಮ್ಯಾನೇಜರನ್ನು ಸೊಲ್ಲಾಪುರ ಬ್ರಾಂಚಿಗೆ ಮ್ಯಾನೇಜರ್ ಎಂದು ಹಾಕಿದ್ದರು. ಕೊನೆಗೆ ನಾನು ಟೈಪ್ ಮಾಡುವುದನ್ನೇ ಮರೆತಿದ್ದ ಆ ಮೂರು ಶಬ್ದ: ವಿತ್ ಇಮ್ಮೀಡಿಯೇಟ್ ಎಫೆಕ್ಟ್. ಧಾರವಾಡದ ಬಗ್ಗೆ ಒಂದಕ್ಷರವಿಲ್ಲ. ಹೆಡ್ ಆಫೀಸಿನ ಖುರ್ಚಿಯೇ ಸಿಕ್ಕ ಅಳಿಯನಿಗೆ ಧಾರವಾಡದ ಹವಾ ಬೇಕಾಗಲಿಲ್ಲ.

ಸಾಹೇಬರು ಇನ್ನೂ ಬಂದಿರಲಿಲ್ಲ. ಲಕೋಟೆಯನ್ನು ಟೈಪ್‌ರೈಟರಿನ ಕವರಿನ ಕೆಳಗೆ ತಳ್ಳಿ ಕೆಳಗೆ ಓಡಿದೆ. ಭಟ್ಟರು ನನ್ನ ಮುಖ ನೋಡಿದವರೇ ಬಾಣಲೆ ಇಟ್ಟರು. ಸಾಹೇಬರು ಬಂದು ಕೂತ ಹತ್ತು ನಿಮಿಷಕ್ಕೆ ತಾಟು ಮೇಲೆ ಬಂತು: ಎರಡು ಪೂರಿ, ಪಲ್ಯ, ಬಿಸಿ ಶಿರಾ. ಸಾಹೇಬರು ಅದನ್ನು ನೋಡಿದರು.

"ಇವತ್ತ ಯಾರಿಗೆ?"

ನನ್ನ ಕೈ ತಾನಾಗಿ ಟೈಪ್‌ರೈಟರಿನ ಕವರಿನ ಮೇಲೆ ಹೋಯಿತು.

ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಕೊಡು ತಂಗಿ. ಹಸದಾಗ ಓದೂದ ಛಲೋ." ಓದಿಸಲಿಲ್ಲ, ತಾವೇ ಒಂದೊಂದು ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. ಆಮೇಲೆ ತಾಟನ್ನು ಎಳೆದುಕೊಂಡು, ಪೂರಿ ಬಿಟ್ಟು ಶಿರಾವನ್ನಷ್ಟೇ ನಿಧಾನವಾಗಿ ಪೂರ್ತಿ ತಿಂದರು. "ಸಕ್ರಿ ಜರಾ ಹೆಚ್ಚಾಗೇತಿ," ಎಂದರು.

"ಒಲ್ಲೆ ಅನ್ರಿ ಸಾಹೇಬರ," ನಾನು ಅತ್ತೆ. "ನೀವ ಕಲಿಸಿಕೊಟ್ಟೀರಲ್ಲ."

"ನಾ ಒಲ್ಲೆ ಅಂದ್ರ ಅವರು ಮತ್ತ ವಾಸಣ್ಣನ ಕರೀತಾರ. ಸೊಲ್ಲಾಪುರಕ್ಕ ಯಾರರೆ ಹೋಗಬೇಕಲ್ಲ." ಕಣ್ಣು ಕಿಟಕಿಯ ಹೊರಗಿತ್ತು. "ಈ ಸಲಾ ತುತ್ತು ನುಂಗೇನಿ ತಂಗಿ. ನುಂಗಿ ಹೊಂಟೇನಿ." ಅವತ್ತು ಸಂಜೆಯೇ ಕೇಶ್ವಾಪುರದ ಮನೆಯ ಕೀಲಿ ಮನೆಮಾಲಕರಿಗೆ ಒಪ್ಪಿಸಿ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಸೊಲ್ಲಾಪುರದ ಗಾಡಿ ಹತ್ತಿದರು ಎಂದು ಮರುದಿನ ದೇಸಾಯರು ಹೇಳಿದರು. ಹೇಳುವಾಗ ಅವರಿಗೆ ಯಾವ ಜೋಕೂ ಹೊಳೆಯಲಿಲ್ಲ.

ಹೊಸ ಸಾಹೇಬರು ಒಳ್ಳೆಯವರೇ ಇದ್ದರು. ಆರ್ಡರುಗಳು ಪೋಸ್ಟಿನಲ್ಲಿ ಹೋಗತೊಡಗಿದವು. ನಾನು ಮತ್ತೆರಡು ವರ್ಷ ಇದ್ದು, ಮದುವೆಯಾಗಿ ಬಿಟ್ಟೆ.

ಅವರನ್ನು ಕೊನೆಯ ಸಲ ನೋಡಿದ್ದು ಅದಾಗಿ ನಾಲ್ಕೈದು ವರ್ಷಕ್ಕೆ. ತವರಿಗೆ ಬಂದಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಧಾರವಾಡದಲ್ಲಿ ಇಂದಿರಾ ಅಕ್ಕಾರ ಶಾಲೆಯ ಮುಂದೆ ಹೋಗುವಾಗ ಎದುರಿಗೆ ಹುಲ್ಲಿನ ಚಕ್ಕಡಿ ಅಡ್ಡ ಬಂದು ಬಸ್ಸು ನಿಂತಿತು. ಇಳಿಬಿಸಿಲು. ಶಾಲೆಯ ಕಂಪೌಂಡಿನ ಗೋಡೆಗೆ ಅಂಗೈ ಊರಿಕೊಂಡು, ತಲೆ ತುಸು ವಾಲಿಸಿ ಒಬ್ಬ ಮುದುಕರು ನಿಂತಿದ್ದರು. ಒಳಗೆ ಒಂದು ಹೆಣ್ಣುದನಿ ಸಾಲೊಂದನ್ನು ಹೇಳುತ್ತಿತ್ತು, ನಲವತ್ತು ಸಣ್ಣ ದನಿಗಳು ಅದನ್ನೇ ಹಿಂದಿನಿಂದ ಹಾಡುತ್ತಿದ್ದವು. ಯಾರ ದನಿ ಅದು ಎಂದು ನನಗೆ ಗೊತ್ತಾಯಿತು. ಗೋಡೆಗೆ ನಿಂತವರು ಯಾರು ಎಂದೂ ಗೊತ್ತಾಯಿತು.

"ಸಾಹೇಬರ!" ಎಂದು ಕೂಗಿದೆ.

ತಿರುಗಿ ನೋಡಿದರು. ಒಂದು ಕ್ಷಣ ಹುಡುಕಿ, ನನ್ನನ್ನು ಗುರುತಿಸಿ, ಮುಖ ತುಂಬ ನಕ್ಕರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿ, ಒಳಗಿನ ಕಡೆ ತೋರಿಸಿದರು. ಪಾಠ ನಡೆದಿತ್ತು.

ಚಕ್ಕಡಿ ಸರಿಯಿತು, ಬಸ್ಸು ಹೊರಟಿತು. ಅವರು ಮತ್ತೆ ಗೋಡೆಯ ಕಡೆ ತಿರುಗಿದ್ದರು.